ಪಿಕಪ್‌ಗೆ ಬದಲಿ ಚಕ್ರ: ಕೂರುವುದು ಬೇರೆ, ಒಗ್ಗುವುದು ಬೇರೆ

ನಾಲ್ಕೂ ಚಕ್ರಕ್ಕೆ ಚಾಲನೆಯಿರುವ ಟೊಯೋಟಾ ಹೈಲಕ್ಸ್‌ನ ಚಕ್ರಕ್ಕೂ ಹಿಂದಿನ ತಲೆಮಾರಿನ ಮಿತ್ಸುಬಿಷಿ ಟ್ರೈಟನ್‌ನ ಚಕ್ರಕ್ಕೂ ಆರಾರು ತೂತು. ಆ ತೂತುಗಳ ನಡುಬಿಂದುಗಳನ್ನು ಹಾಯುವ ವೃತ್ತದ ವ್ಯಾಸ ಎರಡರಲ್ಲೂ 139.7 ಮಿ.ಮೀ. ಮಾರುವವರ ಮಾತಿನಲ್ಲಿ ಹೇಳುವುದಾದರೆ ಎರಡಕ್ಕೂ ಒಂದೇ ಪಿಸಿಡಿ. ಆದರೂ ಟ್ರೈಟನ್‌ನ ಚಕ್ರವನ್ನು ತಂದು ಹೈಲಕ್ಸ್‌ಗೆ ಹಾಕಲು ಹೋದರೆ ಅದು ಹಬ್‌ನ, ಅಂದರೆ ಗಾಡಿಯಲ್ಲಿ ಚಕ್ರ ಕೂರುವ ಭಾಗದ, ಮೂತಿಗೆ ತಾಗಿ ನಿಂತುಬಿಡುತ್ತದೆ. ಹೈಲಕ್ಸ್‌ನ ಹಬ್ ದಪ್ಪ. ಅದರ ಚಕ್ರದ ನಡುವಿನ ತೂತು 106.1 ಮಿ.ಮೀ. ಟ್ರೈಟನ್‌ನದು ಬರೀ 67.1. ಹೈಲಕ್ಸ್‌ನ ಚಕ್ರವೇನೋ ಟ್ರೈಟನ್‌ನ ಹಬ್ ಮೇಲೆ ಸರಾಗವಾಗಿ ಏರುತ್ತದೆ, ಆದರೆ ಏರಿದ ಮೇಲೆ ಸುತ್ತಲೂ ಬೆರಳು ತೂರುವಷ್ಟು ಸಂದು ಉಳಿಯುತ್ತದೆ.

ಚಕ್ರ ಕೊಂಡು ಕೈಸುಟ್ಟುಕೊಂಡವರ ಕಥೆಗಳಲ್ಲಿ ಮುಕ್ಕಾಲು ಪಾಲು ಇಂಥವೇ. ‘ಆರು ತೂತಿನದು, ಹದಿನೇಳು ಇಂಚಿನದು, ನಿಮ್ಮ ಗಾಡಿಗೆ ಆಗುತ್ತದೆ’ ಎಂಬ ಮಾತನ್ನು ನಂಬಿ ದುಡ್ಡು ಕೊಟ್ಟಿರುತ್ತಾರೆ. ಆಗುತ್ತದೆ ಎಂಬ ಪದದೊಳಗೆ ಎರಡು ಪ್ರಶ್ನೆಗಳು ಅವಿತಿವೆ. ಚಕ್ರ ಗಾಡಿಯ ಮೇಲೆ ಕೂರುತ್ತದೆಯೇ ಎಂಬುದು ಒಂದು. ಅದಕ್ಕೆ ಅಳತೆಪಟ್ಟಿ ಉತ್ತರ ಕೊಡುತ್ತದೆ. ನೀವು ಹೇರುವ ಹೊರೆಗೆ, ಓಡಿಸುವ ದಾರಿಗೆ ಅದು ಒಗ್ಗುತ್ತದೆಯೇ ಎಂಬುದು ಇನ್ನೊಂದು. ಅದಕ್ಕೆ ನೀವೇ ಉತ್ತರ ಕೊಡಬೇಕು. ಅಂದದ ಪ್ರಶ್ನೆ ಇವೆರಡೂ ಮುಗಿದ ಮೇಲೆ ಬರಲಿ. ನನಗೂ ಕಪ್ಪು ಬಣ್ಣದ ದಪ್ಪ ಕಡ್ಡಿಗಳ ಚಕ್ರ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ, ಆ ಮಾತು ಬೇರೆ.

ಅಳತೆಪಟ್ಟಿ ಹಿಡಿದು ಗಾಡಿಯ ಬಳಿಗೆ

ಗಾಡಿಯ ಹೆಸರೊಂದನ್ನೇ ಹೇಳಿ ಚಕ್ರ ಕೇಳುವುದು ಬರೀ ಊರಿನ ಹೆಸರು ಬರೆದು ಕಾಗದ ಹಾಕಿದಂತೆ. ಫೋರ್ಡ್ ಎಫ್-150 ಪಿಕಪ್‌ಗೆ 1997ರ ಮಾದರಿಯಲ್ಲಿ ಐದು ಬೋಲ್ಟ್, 135 ಮಿ.ಮೀ. ಪಿಸಿಡಿ, 2004ರ ಹೊಸ ಮಾದರಿಯಿಂದ ಅದೇ 135ರಲ್ಲಿ ಆರು ಬೋಲ್ಟ್. ರ‍್ಯಾಮ್ 1500 ಗಾಡಿಯಲ್ಲಿ 2018ರವರೆಗೆ ಐದು ಬೋಲ್ಟ್, 139.7 ಮಿ.ಮೀ.; 2019ರಲ್ಲಿ ಬಂದ ಹೊಸ ತಲೆಮಾರಿನಲ್ಲಿ ಆರು. ಟೊಯೋಟಾ ಟುಂಡ್ರಾದಲ್ಲಿ 2007ರಿಂದ 2021ರವರೆಗೆ ಐದು ಬೋಲ್ಟ್, 150 ಮಿ.ಮೀ.; 2022ರಿಂದ ಆರು ಬೋಲ್ಟ್, 139.7. 2015ರ ನಿಸಾನ್ ನವಾರಾಗೆ ಬೋಲ್ಟ್ ಆರೇ ಇದ್ದರೂ ಪಿಸಿಡಿ 114.3. ಆದ್ದರಿಂದ ಹೆಸರಿನ ಜೊತೆ ಇಸವಿ ಬೇಕು, ಇಸವಿಯ ಜೊತೆ ನಿಮ್ಮದೇ ಅಳತೆಯೂ ಬೇಕು. ಹಿಂದಿನ ಮಾಲೀಕ ಏನೇನು ಬದಲಿಸಿದ್ದಾನೋ ಬಲ್ಲವರು ಯಾರು?

ಅಳೆಯುವುದು ಕಷ್ಟವಲ್ಲ. ಆರು ತೂತಿನ ಚಕ್ರದಲ್ಲಿ ಅಕ್ಕಪಕ್ಕದ ಎರಡು ತೂತುಗಳ ನಡುವಿನ ದೂರವನ್ನು ಎರಡರಿಂದ ಗುಣಿಸಿದರೆ ಸಾಕು, ಅದೇ ಪಿಸಿಡಿ. ತೂತಿನ ನಡುಬಿಂದು ಎಲ್ಲಿದೆ ಎಂದು ಕಣ್ಣಳತೆಯಲ್ಲಿ ಊಹಿಸಬೇಡಿ. ಒಂದು ತೂತಿನ ಎಡ ಅಂಚಿನಿಂದ ಮುಂದಿನ ತೂತಿನ ಎಡ ಅಂಚಿಗೆ ಪಟ್ಟಿ ಹಿಡಿಯಿರಿ, ಲೆಕ್ಕ ಒಂದೇ. ಸುಮಾರು 70 ಮಿ.ಮೀ. ಬಂದರೆ ಅದು 139.7ರ ಚಕ್ರ, ಅರುವತ್ತೇಳೂವರೆ ಬಂದರೆ 135ರದು. ಐದು ತೂತಿನದಾದರೆ ಎದುರುಬದುರು ತೂತು ಇರುವುದಿಲ್ಲವಾದ್ದರಿಂದ ಅಕ್ಕಪಕ್ಕದ ದೂರವನ್ನು 1.701ರಿಂದ ಗುಣಿಸಬೇಕು.

ಮೇಲೆ ಹೇಳಿದ 135 ಮತ್ತು 139.7ರ ನಡುವಿನ ವ್ಯತ್ಯಾಸ ಪ್ರತಿ ಬೋಲ್ಟ್‌ನ ಬಳಿ ಎರಡೂಕಾಲು ಮಿ.ಮೀ. ಚಿಲ್ಲರೆಯಷ್ಟೇ. ತೂತು ಸ್ವಲ್ಪ ದೊಡ್ಡದಿದ್ದರೆ ಚಕ್ರ ಒಳಗೆ ಹೋಗಿಯೂ ಬಿಡುತ್ತದೆ, ನಟ್ ಬಿಗಿದಂತೆಯೂ ಅನಿಸುತ್ತದೆ. ಆದರೆ ಶಂಕುವಿನಾಕಾರದ ನಟ್ ತನ್ನ ಕುಳಿಯಲ್ಲಿ ಒಂದೇ ಮಗ್ಗುಲಿಗೆ ಒರಗಿ ಕೂತಿರುತ್ತದೆ, ಬೋಲ್ಟ್ ಒಂದಿಷ್ಟು ಬಾಗಿರುತ್ತದೆ. ಸುತ್ತು ಸುತ್ತಿಗೂ ಆ ಬಾಗು ದುಡಿಯುತ್ತದೆ, ಕೊನೆಗೆ ಬೋಲ್ಟ್ ತುಂಡಾಗುತ್ತದೆ. ‘ಸ್ವಲ್ಪ ಬಡಿದರೆ ಕೂರುತ್ತದೆ’ ಎನ್ನುವ ಕೈಗೆ ಸುತ್ತಿಗೆ ಕೊಡಬೇಡಿ.

ನಡುವಿನ ತೂತಿನ ವಿಷಯಕ್ಕೆ ಬಂದರೆ, ಅದು ಹಬ್‌ಗಿಂತ ಚಿಕ್ಕದಾದರೆ ಮಾತು ಅಲ್ಲಿಗೆ ಮುಗಿಯಿತು. ದೊಡ್ಡದಾದರೆ ಸಂದು ತುಂಬಲು ಉಂಗುರಗಳು ಸಿಗುತ್ತವೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ: ಉಂಗುರ ಗಾಡಿಯ ಭಾರ ಹೊರುತ್ತದೆ ಎಂದು. ಚಕ್ರವನ್ನು ನಟ್‌ಗಳು ಹಬ್‌ಗೆ ಒತ್ತಿ ಹಿಡಿದಾಗ ಆ ಎರಡು ಮೈಗಳ ನಡುವಿನ ಘರ್ಷಣೆಯೇ ಭಾರವನ್ನು ಹೊರುವುದು. ಉಂಗುರದ ಕೆಲಸ ಬಿಗಿಯುವಾಗ ಚಕ್ರವನ್ನು ನಟ್ಟನಡುವೆ ನಿಲ್ಲಿಸುವುದು, ಅಷ್ಟೇ. ಹಾಗೆಂದು ಅದನ್ನು ಬಿಟ್ಟರೆ ಒಂದು ವೇಗದ ಮೇಲೆ ಸ್ಟೀರಿಂಗ್ ನಡುಗತೊಡಗಬಹುದು, ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದ ನಡುಕ. ಇದೇ ಘರ್ಷಣೆಯ ಕಾರಣಕ್ಕೆ ಚಕ್ರದ ಹಿಂಭಾಗದಲ್ಲಿ ಹಬ್‌ಗೆ ತಾಗುವ ಮೈಮೇಲೆ ದಪ್ಪ ಬಣ್ಣ ಇರಬಾರದು. ಬಣ್ಣ ದಿನ ಕಳೆದಂತೆ ಅಮುಕಿ ತೆಳುವಾಗುತ್ತದೆ. ಅಷ್ಟಕ್ಕೇ ನಟ್ ಸಡಿಲವಾಗಲು ಸಾಕು.

ಇನ್ನು ಆಫ್‌ಸೆಟ್. ಎಲ್ಲಕ್ಕಿಂತ ಕಡಿಮೆ ಜನಕ್ಕೆ ಅರ್ಥವಾಗುವುದೂ, ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದೂ ಇದೇ. ಚಕ್ರದ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮೈ ಎಷ್ಟು ದೂರದಲ್ಲಿದೆ ಎಂಬುದೇ ಆಫ್‌ಸೆಟ್. ಕಡ್ಡಿಗಳ ಹಿಂಬದಿಯಲ್ಲಿ ‘ಇಟಿ’ ಎಂಬ ಅಕ್ಷರಗಳ ಮುಂದೆ ಮಿಲಿಮೀಟರ್ ಲೆಕ್ಕದಲ್ಲಿ ಕೆತ್ತಿರುತ್ತಾರೆ. ಆ ಅಂಕಿ ದೊಡ್ಡದಾದಷ್ಟೂ ಚಕ್ರ ಗಾಡಿಯ ಒಳಕ್ಕೆ ಸೇರಿಕೊಳ್ಳುತ್ತದೆ, ಚಿಕ್ಕದಾದಷ್ಟೂ ಹೊರಕ್ಕೆ ಚಾಚುತ್ತದೆ.

ಒಂದು ಲೆಕ್ಕ ಹಾಕಿಯೇ ಬಿಡೋಣ. ಈಗ ನಿಮ್ಮ ಗಾಡಿಯಲ್ಲಿರುವುದು ಏಳೂವರೆ ಇಂಚು ಅಗಲದ, ಇಟಿ 30 ಇರುವ ಚಕ್ರ ಎಂದುಕೊಳ್ಳಿ. ಅಂಗಡಿಯಲ್ಲಿ ಮನಸೆಳೆದಿರುವುದು ಒಂಬತ್ತು ಇಂಚಿನ, ಇಟಿ 0 ಇರುವ ಚಕ್ರ. ಅಗಲ ಒಂದೂವರೆ ಇಂಚು ಹೆಚ್ಚಿದ್ದರಿಂದ ನಡುಗೆರೆಯ ಆಚೆ ಈಚೆ ತಲಾ ಮುಕ್ಕಾಲು ಇಂಚು, ಅಂದರೆ 19 ಮಿ.ಮೀ. ಬೆಳೆಯಿತು. ಆಫ್‌ಸೆಟ್ 30 ಕಡಿಮೆಯಾದ್ದರಿಂದ ಇಡೀ ಚಕ್ರವೇ 30 ಮಿ.ಮೀ. ಹೊರಕ್ಕೆ ಸರಿಯಿತು. ಹೊರ ಅಂಚು ಒಟ್ಟು 49 ಮಿ.ಮೀ. ಆಚೆ ಬಂತು, ಒಳ ಅಂಚು ಕೂಡ 11 ಮಿ.ಮೀ. ಹೊರಕ್ಕೆ ಸರಿಯಿತು. ಚಕ್ರ ಮೊದಲಿಗಿಂತ ಹತ್ತಿರ ಹತ್ತಿರ ಎರಡು ಇಂಚು ಹೊರಗೆ ಇಣುಕುತ್ತದೆ. ನೋಡಲು ಗಾಡಿ ಕಾಲಗಲಿಸಿ ನಿಂತ ಜಟ್ಟಿಯಂತೆ ಕಾಣುತ್ತದೆ ನಿಜ. ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಬಂಪರ್‌ನ ಮೂಲೆಗೋ ಮಡ್‌ಗಾರ್ಡ್‌ನ ಒಳಪದರಕ್ಕೋ ಉಜ್ಜುತ್ತದೆ, ಗುಂಡಿಗೆ ಇಳಿದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ, ಹಬ್‌ನ ಬೇರಿಂಗ್ ಮೇಲೆ ಓರೆ ಭಾರ ಬೀಳುತ್ತದೆ, ಮಳೆ ಬಂದ ದಿನ ಕೆಸರೆಲ್ಲ ಬಾಗಿಲಿನ ಮೇಲೆ. ಹಲವೆಡೆ ಮಡ್‌ಗಾರ್ಡ್ ಮೀರಿ ಚಾಚಿದ ಟೈರ್ ಕಾನೂನಿಗೂ ಸಲ್ಲುವುದಿಲ್ಲ.

ತಿರುವುಮುರುವಾದರೂ ತೊಂದರೆಯೇ. ಆಫ್‌ಸೆಟ್ ಬೇಕಾದ್ದಕ್ಕಿಂತ ಹೆಚ್ಚಿರುವ ಚಕ್ರ ಒಳಗೆ ಸಸ್ಪೆನ್ಷನ್‌ನ ತೋಳಿಗೋ ಹಿಂದಿನ ಪಟ್ಟೆ ಸ್ಪ್ರಿಂಗ್‌ಗೋ ತಾಗುತ್ತದೆ. ಹೊರಗಿನ ಉಜ್ಜಾಟ ಸದ್ದು ಮಾಡಿ ಎಚ್ಚರಿಸುತ್ತದೆ. ಒಳಗಿನದು ಸದ್ದಿಲ್ಲದೆ ಟೈರಿನ ಗೋಡೆಯನ್ನು ಕೊರೆಯುತ್ತದೆ. ಮೂಲ ಚಕ್ರದ ಆಫ್‌ಸೆಟ್‌ನಿಂದ ಹತ್ತು ಮಿಲಿಮೀಟರ್ ಆಚೀಚೆ ಆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಇಪ್ಪತ್ತು ದಾಟಿದರೆ ಹಾಕಿ ನೋಡದೆ ಕೊಳ್ಳುವುದಿಲ್ಲ. ಮೂವತ್ತಾದರೆ ಆ ಚಕ್ರ ನನ್ನ ಗಾಡಿಗಲ್ಲ ಎಂದು ಮುಂದೆ ಹೋಗುತ್ತೇನೆ. ಇದು ಶಾಸ್ತ್ರವಲ್ಲ, ನನ್ನ ರೂಢಿ.

ಹಿಂದೆ ಜೋಡಿ ಚಕ್ರವಿರುವ ದೊಡ್ಡ ಪಿಕಪ್‌ಗಳಿಗೆ ಈ ಯಾವ ಲೆಕ್ಕವೂ ಹೊಂದುವುದಿಲ್ಲ. ಅವುಗಳಿಗೆ ಅವುಗಳದೇ ಚಕ್ರ ಬೇಕು.

ಹೊರೆ: ಯಾರೂ ಕೇಳದ ಅಂಕಿ

ಪಿಕಪ್ ಕೊಂಡವರು ಒಂದಲ್ಲ ಒಂದು ದಿನ ಅದರ ಹಿಂದೆ ಏನನ್ನಾದರೂ ಹೇರುತ್ತಾರೆ. ಹಾಗಿದ್ದೂ ಚಕ್ರದ ಅಂಗಡಿಯಲ್ಲಿ ‘ಇದು ಎಷ್ಟು ಭಾರ ತಡೆಯುತ್ತದೆ’ ಎಂದು ಕೇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ಅಂಕಿ ಚಕ್ರದ ಹಿಂಬದಿಯಲ್ಲೇ ಇರುತ್ತದೆ, ಕೆ.ಜಿ. ಅಥವಾ ಪೌಂಡ್ ಲೆಕ್ಕದಲ್ಲಿ. ಗಾಡಿಯ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೋ ಕೈಪಿಡಿಯಲ್ಲೋ ಸಿಗುತ್ತದೆ: ಮುಂದಿನ ಅಚ್ಚಿಗೆ ಇಷ್ಟು, ಹಿಂದಿನ ಅಚ್ಚಿಗೆ ಇಷ್ಟು ಎಂದು. ಹಿಂದಿನ ಅಚ್ಚಿನ ಮಿತಿ 1,800 ಕೆ.ಜಿ. ಇದ್ದರೆ ಒಂದೊಂದು ಚಕ್ರವೂ ಕಡಿಮೆಯೆಂದರೆ 900 ಕೆ.ಜಿ. ತಡೆಯಬೇಕು. ಕಾರುಗಳಿಗೆಂದು ಮಾಡಿದ ಅಲಾಯ್ ಚಕ್ರಗಳಲ್ಲಿ 700 ಕೆ.ಜಿ. ಆಸುಪಾಸಿನ ಅಂಕಿ ಸಾಮಾನ್ಯ. ಪಿಸಿಡಿ ಹೊಂದಿತು, ಅಂದ ಹೊಂದಿತು ಎಂದು ಅಂಥದ್ದನ್ನು ಪಿಕಪ್‌ಗೆ ಹಾಕಿ, ಹಿಂದೆ ಸಿಮೆಂಟ್ ಚೀಲ ಹೇರಿದರೆ ಗುಂಡಿಯೊಂದು ಸಿಕ್ಕ ಕ್ಷಣದಲ್ಲಿ ಲೆಕ್ಕ ತಪ್ಪುತ್ತದೆ.

ಜಪಾನಿನ ಮಾನದಂಡದ ಎರಡು ಗುರುತುಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಜೆಡಬ್ಲ್ಯುಎಲ್ ಎಂದಷ್ಟೇ ಇದ್ದರೆ ಪ್ರಯಾಣಿಕ ಕಾರುಗಳ ಪರೀಕ್ಷೆ; ಅದರ ಮುಂದೆ ‘ಟಿ’ ಅಕ್ಷರ ಸೇರಿದ್ದರೆ ಟ್ರಕ್ ಮತ್ತು ಬಸ್ಸುಗಳಿಗಾಗಿ ಇರುವ ಪರೀಕ್ಷೆ. ಪಿಕಪ್‌ಗೆ ಎರಡನೆಯದನ್ನು ಹುಡುಕಿ. ಯಾವ ಗುರುತೂ ಇಲ್ಲದ, ಭಾರದ ಅಂಕಿಯೂ ಇಲ್ಲದ ಚಕ್ರವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಟೈರಿನ ಅಂಕಿಯೂ ಇದರ ಜೊತೆ ಕೂಡಿ ಬರಬೇಕು. ಟೈರಿನ ಮೇಲೆ 112 ಎಂದಿದ್ದರೆ 1,120 ಕೆ.ಜಿ., 121 ಎಂದಿದ್ದರೆ 1,450 ಕೆ.ಜಿ. ಚಕ್ರದ ಅಂಕಿ, ಟೈರಿನ ಅಂಕಿ ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಬಲವಾದ ಟೈರ್ ಬಲಹೀನ ಚಕ್ರವನ್ನು ಕಾಪಾಡುವುದಿಲ್ಲ.

ಉಕ್ಕು, ಎರಕ, ಒತ್ತಿ ಎಳೆದದ್ದು, ಬಡಿದದ್ದು

ಉಕ್ಕಿನ ಚಕ್ರವೆಂದರೆ ಅಚ್ಚಿನಲ್ಲಿ ಒತ್ತಿದ ತಟ್ಟೆ ಮತ್ತು ಸುರುಳಿ ಸುತ್ತಿದ ರಿಮ್, ಎರಡನ್ನೂ ಬೆಸೆದದ್ದು. ಅದರ ದೊಡ್ಡ ಗುಣ ಪೆಟ್ಟು ಬಿದ್ದರೆ ನೆಗ್ಗುತ್ತದೆ, ಒಡೆಯುವುದಿಲ್ಲ. ಕಲ್ಲಿಗೆ ಬಡಿದು ಅಂಚು ಮಡಚಿಕೊಂಡ ಉಕ್ಕಿನ ರಿಮ್ಮನ್ನು ದಾರಿ ಬದಿಯಲ್ಲಿ ಸುತ್ತಿಗೆಯಿಂದ ತಟ್ಟಿ ಗಾಳಿ ನಿಲ್ಲುವಂತೆ ಮಾಡಿಕೊಂಡು ಮನೆ ಸೇರಿದವರಿದ್ದಾರೆ. ದೋಷಗಳೆಂದರೆ ತೂಕ, ತುಕ್ಕು. ತಟ್ಟೆ ರಿಮ್ಮಿಗೆ ಸೇರುವ ಬೆಸುಗೆಯ ಸಾಲಿನಲ್ಲಿ ಕೆಸರು ನಿಂತು ತುಕ್ಕು ಶುರುವಾಗುತ್ತದೆ. ಹೊಲ, ಗಣಿ, ಕಟ್ಟಡದ ಕೆಲಸ ಎಂದು ಗಾಡಿಯನ್ನು ದುಡಿಸುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಅಗ್ಗ ಎಂಬ ಕಾರಣಕ್ಕಲ್ಲ. ಕೆಟ್ಟುಹೋಗುವ ಬಗೆ ಗೊತ್ತಿರುವ ವಸ್ತು ನಂಬಿಕೆಗೆ ಯೋಗ್ಯ ಎಂಬ ಕಾರಣಕ್ಕೆ.

ಮಾರುಕಟ್ಟೆಯ ಹೆಚ್ಚಿನ ಅಲಾಯ್ ಚಕ್ರಗಳು ಎರಕದವು: ಕರಗಿದ ಅಲ್ಯೂಮಿನಿಯಂ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದವು. ಗಾಡಿ ಕಂಪನಿಯಿಂದಲೇ ಬರುವ ಅಲಾಯ್ ಚಕ್ರಗಳೂ ಬಹುಪಾಲು ಇವೇ. ಚೆನ್ನಾಗಿ ಎರೆದದ್ದಾದರೆ ಗಾಡಿಯ ಆಯಸ್ಸಿನುದ್ದಕ್ಕೂ ದುಡಿಯುತ್ತದೆ. ಆದರೆ ಮಿತಿ ಮೀರಿದ ಪೆಟ್ಟಿಗೆ ಎರಕ ಬಾಗುವುದು ಕಡಿಮೆ, ಬಿರಿಯುವುದು ಹೆಚ್ಚು. ಬಿರುಕು ಬೀಳುವುದು ಸಾಮಾನ್ಯವಾಗಿ ಒಳ ಅಂಚಿನಲ್ಲಿ. ಕಡ್ಡಿಗಳು ಹೊರಮಗ್ಗುಲಿಗೆ ಇರುವುದರಿಂದ ಹೊರ ಅಂಚಿಗೆ ಅವುಗಳ ಆಸರೆ ಇರುತ್ತದೆ; ಒಳ ಅಂಚು ಮಾತ್ರ ಬುಟ್ಟಿಯ ಬಾಯಂತೆ ಒಂಟಿಯಾಗಿ ನಿಂತಿರುತ್ತದೆ. ಹೊರಗಿನಿಂದ ನೋಡಿದರೆ ಚಕ್ರ ಹೊಚ್ಚಹೊಸದು, ಒಳಗೆ ನೋಡಿದರೆ ಕೂದಲೆಳೆಯ ಗೆರೆ.

ಮೂರನೆಯದು ಫ್ಲೋ ಫಾರ್ಮಿಂಗ್ ಎಂಬ ವಿಧಾನದ್ದು. ಮೊದಲು ಎರಕ ಹೊಯ್ದು, ಆಮೇಲೆ ರಿಮ್ಮಿನ ಭಾಗವನ್ನು ಬಿಸಿ ಮಾಡಿ, ತಿರುಗಿಸುತ್ತಾ ಉರುಳೆಗಳಿಂದ ಒತ್ತಿ ಎಳೆಯುತ್ತಾರೆ. ಕುಂಬಾರ ತಿಗರಿಯ ಮೇಲೆ ಮಡಕೆಯ ಗೋಡೆ ಎಬ್ಬಿಸುವುದನ್ನು ನೋಡಿದ್ದರೆ ಬೇರೆ ವಿವರಣೆ ಬೇಡ. ಗೋಡೆ ತೆಳುವಾಗುತ್ತದೆ, ಲೋಹದ ಕಣರಚನೆ ದಟ್ಟವಾಗಿ ಬಲ ಹೆಚ್ಚುತ್ತದೆ. ಪೆಟ್ಟು ಬೀಳುವ ಒಳ ಅಂಚಿಗೇ ಈ ಬಲ ಸಿಗುವುದು ಇದರ ಹೆಚ್ಚುಗಾರಿಕೆ. ಕಡ್ಡಿಗಳು ಮಾತ್ರ ಎರಕದವೇ ಆಗಿ ಉಳಿಯುತ್ತವೆ, ಇದನ್ನು ಮಾರುವವರು ಹೇಳುವುದಿಲ್ಲ. ಹದವಾದ ಖರ್ಚು, ಹದವಾದ ತೂಕ; ದೂರದ ಪ್ರಯಾಣವೂ ಆಗಬೇಕು, ವಾರಕ್ಕೊಮ್ಮೆ ಕಲ್ಲುದಾರಿಯೂ ತುಳಿಯಬೇಕು ಎನ್ನುವವರಿಗೆ ನನ್ನ ಆಯ್ಕೆ ಇದು.

ಕೊನೆಯದು ಫೋರ್ಜ್ ಮಾಡಿದ್ದು. ಗಟ್ಟಿ ಅಲ್ಯೂಮಿನಿಯಂ ದಿಮ್ಮಿಯನ್ನು ಸಾವಿರಾರು ಟನ್ ಒತ್ತಡದಲ್ಲಿ ಅಚ್ಚಿಗೆ ಒತ್ತಿ, ಉಳಿದದ್ದನ್ನು ಯಂತ್ರದಲ್ಲಿ ಕೆತ್ತಿ ತೆಗೆಯುತ್ತಾರೆ. ಬಲಕ್ಕೆ ಹೋಲಿಸಿದರೆ ತೂಕ ಎಲ್ಲಕ್ಕಿಂತ ಕಡಿಮೆ, ಒಡೆಯುವ ಮುನ್ನ ಬಾಗುವ ಗುಣವೂ ಇದೆ. ಬೆಲೆಯೂ ಹಾಗೆಯೇ ಮೇಲಿನದು. ತೀರಾ ಭಾರ ಎಳೆಯುವವರಿಗೆ, ಮರುಭೂಮಿಯಲ್ಲಿ ವೇಗವಾಗಿ ಓಡಿಸುವವರಿಗೆ ಅದರ ಬೆಲೆ ವಸೂಲಾಗುತ್ತದೆ. ಸಂತೆಗೂ ಮನೆಗೂ ಓಡಾಡುವ ಗಾಡಿಗೆ ಅದು ಒಡವೆ.

ಅಲಾಯ್ ಎಂದರೆ ಹಗುರ ಎಂಬ ನಂಬಿಕೆಯನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡಿ. 20 ಇಂಚಿನ ಅಗ್ಗದ ಎರಕದ ಚಕ್ರ 17 ಇಂಚಿನ ಉಕ್ಕಿನ ಚಕ್ರಕ್ಕಿಂತ ಭಾರವಿರುವುದು ಅಪರೂಪವೇನಲ್ಲ.

ಎಷ್ಟು ಇಂಚು?

ಹೈಲಕ್ಸ್, ಟ್ರೈಟನ್ ಗುಂಪಿನ ಪಿಕಪ್‌ಗಳಲ್ಲಿ ಸಾಮಾನ್ಯವಾದ ಟೈರ್ ಅಗಲ 265 ಮಿ.ಮೀ. ಅದನ್ನೇ ಹಿಡಿದು ನಾಲ್ಕು ಅಳತೆ ನೋಡೋಣ; ಮೊದಲ ಅಂಕಿ ಅಗಲ, ಎರಡನೆಯದು ಟೈರಿನ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್ಮಿನ ಇಂಚು. 265/70 ಆರ್16, 265/65 ಆರ್17, 265/60 ಆರ್18, 265/50 ಆರ್20. ನಾಲ್ಕರಲ್ಲೂ ಟೈರ್ ಸೇರಿದ ಒಟ್ಟು ಎತ್ತರ 773ರಿಂದ 777 ಮಿ.ಮೀ. ಒಳಗೇ ಬರುತ್ತದೆ. ಗಾಡಿ ಒಂದಿಷ್ಟೂ ಎತ್ತರವಾಗುವುದಿಲ್ಲ, ವೇಗಸೂಚಿಯೂ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಬದಲಾಗುವುದು ಒಂದೇ: ನೆಲಕ್ಕೂ ರಿಮ್ಮಿಗೂ ನಡುವೆ ಇರುವ ರಬ್ಬರ್ ಗೋಡೆ. 16 ಇಂಚಿನಲ್ಲಿ ಅದರ ಎತ್ತರ 185 ಮಿ.ಮೀ. ಚಿಲ್ಲರೆ, 17ರಲ್ಲಿ 172, 18ರಲ್ಲಿ 159, 20ರಲ್ಲಿ 132. ಹದಿನಾರರಿಂದ ಇಪ್ಪತ್ತಕ್ಕೆ ಹೋದವರು ಸುತ್ತಲೂ ಎರಡು ಇಂಚು ರಬ್ಬರನ್ನು ತೆಗೆದು ಆ ಜಾಗಕ್ಕೆ ಲೋಹ ತುಂಬಿದಂತಾಯಿತು. ಗುಂಡಿಯ ಪೆಟ್ಟನ್ನು ಮೊದಲು ನುಂಗುತ್ತಿದ್ದದ್ದು ಆ ಎರಡು ಇಂಚೇ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ನೆನಪಾಗುವುದು ಇಂಥಲ್ಲಿ.

ಕಲ್ಲುದಾರಿ, ಮರಳು ಇರುವವರಿಗೆ 16 ಅಥವಾ 17. ಮರಳಿನಲ್ಲಿ ಗಾಳಿ ಇಳಿಸಿ ಓಡಿಸುವಾಗ ಎತ್ತರದ ಗೋಡೆಯೇ ಹರಡಿಕೊಂಡು ಗಾಡಿಯನ್ನು ತೇಲಿಸುವುದು. ಡಾಂಬರು ರಸ್ತೆಯೇ ಹೆಚ್ಚು ಎನ್ನುವವರಿಗೆ 18 ಒಳ್ಳೆಯ ನಡುದಾರಿ. ತಿರುವಿನಲ್ಲಿ ಗಾಡಿ ಓಲಾಡುವುದು ಒಂದಿಷ್ಟು ಕಡಿಮೆಯಾಗುತ್ತದೆ. 20ರ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಗಾಡಿಯೇ ಅದರೊಂದಿಗೆ ಬಂದಿದ್ದರೆ ಇರಲಿ, ಇಲ್ಲದಿದ್ದರೆ ಬೇಡ.

ಕೆಳಕ್ಕಿಳಿಯುವವರಿಗೆ ಒಂದು ಎಚ್ಚರಿಕೆ: 18ರ ಗಾಡಿಗೆ 16 ಹಾಕಲು ಹೊರಟಾಗ ಬ್ರೇಕಿನ ಕ್ಯಾಲಿಪರ್ ಅಡ್ಡ ಬರಬಹುದು. ರಿಮ್ಮಿನ ವ್ಯಾಸ ಸಾಕಾದರೂ ಕಡ್ಡಿಯ ಒಳಮೈ ಕ್ಯಾಲಿಪರ್‌ಗೆ ತಾಗುವುದುಂಟು. ಟೈರ್ ಹಾಕದ ಬರೀ ಚಕ್ರವನ್ನು ಮುಂದಿನ ಹಬ್‌ಗೆ ಏರಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದರೆ ಐದೇ ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಟೈರ್ ಹಾಕಿದ ಚಕ್ರವನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದು ಕಷ್ಟ, ಹಾಗಾಗಿ ಈ ಕೆಲಸ ಮೊದಲು. ಅಗಲದ ಲೆಕ್ಕವೂ ಇದೆ: 265/65 ಆರ್17 ಟೈರಿಗೆ ಏಳೂವರೆಯಿಂದ ಒಂಬತ್ತೂವರೆ ಇಂಚಿನ ರಿಮ್ ಒಪ್ಪುತ್ತದೆ. ಭಾರ ಹೇರುವ ಗಾಡಿಗೆ ಎಂಟು ಇಂಚಿನ ಆಸುಪಾಸಿನಲ್ಲೇ ನಿಲ್ಲುವುದು ಜಾಣತನ.

ಎಲ್ಲಿಂದ ತರುವುದು?

ಒಂದೇ ಒಂದು ಚಕ್ರ ಕೆಟ್ಟಿದ್ದರೆ ಯೋಚನೆಯೇ ಬೇಡ, ಅದೇ ಭಾಗ ಸಂಖ್ಯೆಯ ಮೂಲ ಚಕ್ರ ತನ್ನಿ. ಬೇರೆ ಅಗಲದ, ಬೇರೆ ಆಫ್‌ಸೆಟ್‌ನ ಒಂದು ಚಕ್ರವನ್ನು ಮೂರರ ನಡುವೆ ಸೇರಿಸಬಾರದು. ನಾಲ್ಕೂ ಬದಲಿಸುವುದಾದರೆ ದಾರಿಗಳು ಹಲವು. ಕಂಪನಿಯ ಹೊಸ ಚಕ್ರ ನಿಶ್ಚಿಂತೆಯದು, ಆದರೆ ದುಬಾರಿ. ಹೊರಗಿನ ತಯಾರಕರದ್ದು ವಿನ್ಯಾಸದಲ್ಲಿ ಸಾಗರ; ಮೇಲೆ ಹೇಳಿದ ಅಷ್ಟೂ ಅಂಕಿಗಳನ್ನು ನೀವೇ ಕೂತು ಹೊಂದಿಸಬೇಕು.

ನನಗೆ ಇಷ್ಟವಾದದ್ದು ಮೂರನೆಯ ದಾರಿ. ಹೊಸ ಪಿಕಪ್ ಕೊಂಡು, ಮೊದಲ ತಿಂಗಳಲ್ಲೇ ಅಂದಕ್ಕಾಗಿ ಬೇರೆ ಚಕ್ರ ಹಾಕಿಸಿಕೊಳ್ಳುವವರು ಎಲ್ಲೆಡೆ ಇದ್ದಾರೆ. ಅವರು ಬಿಚ್ಚಿಟ್ಟ ಮೂಲ ಚಕ್ರಗಳು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುತ್ತವೆ. ಅಳತೆ ಮಿಲಿಮೀಟರ್‌ಗೆ ಮಿಲಿಮೀಟರ್ ಸರಿ, ಭಾರದ ಮಿತಿ ಗಾಡಿ ಮಾಡಿದವರೇ ಒಪ್ಪಿದ್ದು, ಓಡಿದ್ದು ನೂರಾರು ಕಿಲೋಮೀಟರ್ ಅಷ್ಟೇ. ಇನ್ನೊಬ್ಬರ ಶೋಕಿ ನಮಗೆ ಉಳಿತಾಯ. ನಿಮ್ಮದೇ ಮಾದರಿ, ನಿಮ್ಮದೇ ತಲೆಮಾರು ಎಂಬುದನ್ನು ಖಚಿತಪಡಿಸಿಕೊಂಡರೆ ಉಳಿದದ್ದೆಲ್ಲ ತಾನಾಗಿ ಹೊಂದುತ್ತದೆ.

ನಿಜವಾಗಿಯೂ ಹಳೆಯದಾದ, ಬಣ್ಣ ಬಳಿದು ಹೊಸದು ಮಾಡಿದ ಚಕ್ರಗಳ ವಿಷಯದಲ್ಲಿ ನಾನೊಮ್ಮೆ ಏಮಾರಿದ್ದೇನೆ. ನಾಲ್ಕು ಚಕ್ರ, ಮಿರಿಮಿರಿ ಬೂದು ಬಣ್ಣ. ಹಾಕಿಸಿ ಹತ್ತು ದಿನಕ್ಕೆ ಹಿಂದಿನ ಎಡಗಡೆಯದು ಬೆಳಗಾಗುವಷ್ಟರಲ್ಲಿ ಮೆತ್ತಗಾಗತೊಡಗಿತು. ಪಂಕ್ಚರ್ ಇಲ್ಲ, ವಾಲ್ವ್ ಸರಿಯಿದೆ. ಸೋಪಿನ ನೀರು ಸುರಿದಾಗ ಒಳ ಅಂಚಿನ ಬಳಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಬಣ್ಣ ಕೆರೆದು ನೋಡಿದರೆ ಎರಡು ಇಂಚು ಉದ್ದದ ಬೆಸುಗೆ. ಬಿರುಕನ್ನು ಬೆಸೆದು, ಉಜ್ಜಿ ನುಣುಪಾಗಿಸಿ, ಮೇಲೆ ಬಣ್ಣ ಹೊಡೆದಿದ್ದರು. ಅಂದಿನಿಂದ ಹಳೆಯ ಚಕ್ರ ನೋಡುವ ಕ್ರಮ ಬದಲಾಯಿತು. ಹೊರಮೈ ಆಮೇಲೆ, ಮೊದಲು ಚಕ್ರವನ್ನು ಬೋರಲು ಹಾಕಿ, ಟೈರ್ ಇಲ್ಲದೆ, ಒಳ ಅಂಚಿನ ಮೇಲೆ ಬೆರಳ ತುದಿಯನ್ನು ಒಂದು ಪೂರ್ತಿ ಸುತ್ತು ಓಡಿಸುತ್ತೇನೆ. ಕಣ್ಣಿಗೆ ಬೀಳದ ಉಬ್ಬು ಬೆರಳಿಗೆ ಸಿಗುತ್ತದೆ. ಆಮೇಲೆ ನಟ್ ಕೂರುವ ಕುಳಿಗಳು: ಅಂಡಾಕಾರಕ್ಕೆ ಸವೆದಿದ್ದರೆ ಆ ಚಕ್ರ ಎಂದೋ ಸಡಿಲ ನಟ್‌ನಲ್ಲಿ ಓಡಿದೆ ಎಂದರ್ಥ. ಆಮೇಲೆ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಹಾಕಿ ತಿರುಗಿಸಿ, ಅಂಚು ಮೇಲೆ ಕೆಳಗೆ ಕುಣಿಯುತ್ತದೆಯೇ ಎಂದು ನೋಡುತ್ತೇನೆ. ಒಳಮೈಗೂ ಹೊಸ ಬಣ್ಣ ಬಳಿದಿರುವ ಚಕ್ರವೆಂದರೆ ಈಗಲೂ ನನಗೆ ಗುಮಾನಿ.

ನಟ್ ಮತ್ತು ಸ್ಟೆಪ್ನಿ

ಚಕ್ರ ಬದಲಾದರೆ ನಟ್ ಕೂಡ ಬದಲಾಗಬೇಕಾಗಬಹುದು. ಟೊಯೋಟಾದ ಹಲವು ಮೂಲ ಅಲಾಯ್ ಚಕ್ರಗಳಿಗೆ ಚಪ್ಪಟೆ ವಾಷರ್ ಇರುವ ನಟ್. ಹೊರಗಿನ ತಯಾರಕರ ಚಕ್ರಗಳಲ್ಲಿ ಹೆಚ್ಚಿನವು 60 ಡಿಗ್ರಿ ಶಂಕುವಿನ ನಟ್ ಕೇಳುತ್ತವೆ. ಚಪ್ಪಟೆ ನಟ್ ಶಂಕುವಿನ ಕುಳಿಯ ಅಂಚಿನ ಮೇಲಷ್ಟೇ ಕೂರುತ್ತದೆ. ಬಿಗಿಯಾಗಿದೆ ಎಂದು ಕೈಗೆ ಅನಿಸಿದರೂ ಹಿಡಿತ ಇರುವುದಿಲ್ಲ. ಬೋಲ್ಟ್‌ನ ದಪ್ಪವೂ ಎಳೆಗಳ ನಡುವಿನ ಅಂತರವೂ (ಎರಡೂ ಮಿ.ಮೀ. ಲೆಕ್ಕದಲ್ಲಿ) ಒಂದೇ ಅಲ್ಲ: ಟೊಯೋಟಾ ಹೈಲಕ್ಸ್‌ಗೆ 12×1.5, 2015ರ ನಿಸಾನ್ ನವಾರಾಗೆ 12×1.25, ಈಚಿನ ಎಫ್-150ಗೆ 14×1.5.

ಬಿಗಿಯುವ ಬಲವನ್ನು ಕೈಪಿಡಿ ನೋಡಿ ಟಾರ್ಕ್ ಪಾನಾದಲ್ಲೇ ಅಳೆಯಿರಿ. ಎಫ್-150ಗೆ 204 ನ್ಯೂಟನ್ ಮೀಟರ್, ಅದೇ ವರ್ಗದ ಷೆವ್ರೊಲೆ ಸಿಲ್ವರಾಡೋ ಪಿಕಪ್‌ಗೆ 190. ಒಂದರ ಅಂಕಿ ಇನ್ನೊಂದಕ್ಕೆ ಸಲ್ಲದು. ಗಾಳಿಯ ಗನ್ನಿನಿಂದ ಟರ್ರೆಂದು ತಿರುಗಿಸಿ ಮುಗಿಯಿತೆನ್ನುವವರ ಮುಂದೆ ನಾಚಿಕೆ ಬಿಟ್ಟು ನಿಂತುಕೊಂಡು ಪಾನಾ ಕೇಳಿ. ಹೊಸ ಚಕ್ರ ಹಾಕಿದ ಮೇಲೆ 80ರಿಂದ 160 ಕಿಲೋಮೀಟರ್ ಓಡುವಷ್ಟರಲ್ಲಿ ಇನ್ನೊಮ್ಮೆ ಬಿಗಿ ನೋಡಬೇಕು. ಟೈರಿನ ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಯಾದರೆ ಹಳೆಯ ಚಕ್ರದಿಂದ ಅದನ್ನು ಬಿಚ್ಚಿ ಹಾಕಿಸುವಾಗ ಅದರ ವಯಸ್ಸು ಕೇಳಿ. ಒಳಗಿನ ಬ್ಯಾಟರಿ ಐದರಿಂದ ಹತ್ತು ವರ್ಷದ್ದು, ಟೈರ್ ಹೇಗೂ ಬಿಚ್ಚಿರುವಾಗಲೇ ಬದಲಿಸುವುದು ಸುಲಭ.

ನಾಲ್ಕು ಕೊಳ್ಳುವುದೋ, ಐದು ಕೊಳ್ಳುವುದೋ? ಟೈರಿನ ಒಟ್ಟು ಎತ್ತರ ಬದಲಾಗದಿದ್ದರೆ ಹಳೆಯ ಸ್ಟೆಪ್ನಿಯೇ ಸಾಕು. ಎತ್ತರ ಬದಲಾಗಿದ್ದರೆ ಐದನೆಯದು ಬೇಕೇ ಬೇಕು. ಒಂದೇ ಅಚ್ಚಿನಲ್ಲಿ ಎರಡು ಎತ್ತರದ ಚಕ್ರ ಓಡಿದರೆ, ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಬಿಡುವಿಲ್ಲದೆ ತಿರುಗಿ ಬಿಸಿಯಾಗುತ್ತದೆ, ನಾಲ್ಕೂ ಚಕ್ರಕ್ಕೆ ಚಾಲನೆ ಹಾಕಿದಾಗ ಗೇರ್‌ಗಳು ಒಂದನ್ನೊಂದು ಹಿಂಡುತ್ತವೆ. ಐದನೆಯದನ್ನು ಕೊಂಡವರು ಅದು ಗಾಡಿಯ ಅಡಿಯಲ್ಲಿ ಹಿಡಿಸುತ್ತದೆಯೇ ಎಂದು ಅಂದೇ ಏರಿಸಿ ನೋಡಲಿ. ಸ್ಟೆಪ್ನಿಯನ್ನು ಎತ್ತಿ ಹಿಡಿಯುವ ಸರಪಳಿಯ ತುದಿಯ ತಟ್ಟೆ ಚಕ್ರದ ನಡುವಿನ ತೂತಿನಲ್ಲಿ ತೂರಿ ಅಡ್ಡ ನಿಂತು ಚಕ್ರವನ್ನು ಎತ್ತಬೇಕು. ಹೊಸ ಚಕ್ರದ ತೂತು ದೊಡ್ಡದಾದರೆ ತಟ್ಟೆ ಜಾರಿ ಬರುತ್ತದೆ, ಅಗಲ ಹೆಚ್ಚಾದರೆ ಟೈರ್ ಚಾಸಿಗೆ ತಾಗಿ ಪೂರ್ತಿ ಮೇಲೇರುವುದಿಲ್ಲ.

ಹಳೆಯ ಸ್ಟೆಪ್ನಿಯನ್ನೇ ಉಳಿಸಿಕೊಂಡವರಿಗೆ ಇನ್ನೊಂದು ಕೆಲಸ. ಅದು ಸಾಮಾನ್ಯವಾಗಿ ಉಕ್ಕಿನದು, ಅದರ ನಟ್ ಬೇರೆ ಇರಬಹುದು. ಈಗ ಗಾಡಿಯ ಮೇಲಿರುವುದು ಹೊಸ ಅಲಾಯ್‌ಗೆ ತಕ್ಕ ನಟ್. ಬಿಚ್ಚಿದ ಹಳೆಯ ನಟ್‌ಗಳಲ್ಲಿ ಆರನ್ನು ಎತ್ತಿಟ್ಟುಕೊಂಡು, ಹಳೆ ಬಟ್ಟೆಯಲ್ಲಿ ಗಂಟು ಕಟ್ಟಿ ಜಾಕಿನ ಪಕ್ಕದಲ್ಲಿ ಇಡಿ. ಹೊಸ ನಟ್‌ನ ತಲೆ ಚಿಕ್ಕದೋ ದೊಡ್ಡದೋ ಆಗಿದ್ದರೆ ಅದಕ್ಕೆ ಹೊಂದುವ ಪಾನಾ ಕೂಡ ಅದೇ ಗಂಟಿನಲ್ಲಿರಲಿ.